ಗಾಯಗಳು ನುಡಿದ ಸಾಕ್ಷ್ಯ

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು, ತಂದೆ ಹೈದರಾಲಿಯು 1782ರಲ್ಲಿ ತೀರಿಕೊಂಡ ಬಳಿಕ ಮೈಸೂರಿನ ಆಡಳಿತವನ್ನು ವಹಿಸಿಕೊಂಡನು. ಆಂಗ್ಲರೊಡನೆ ಅವನು ಮಾಡಿದ ಕೊನೆಯ ಯುದ್ಧದಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯು ಶತ್ರುವಶವಾಯಿತು. ಆದರೆ ಸುಲ್ತಾನನು ಅರಮನೆಯಲ್ಲಿ ಸಿಗಲಿಲ್ಲ. ಅವನು ಬದುಕಿರುವನೋ ಮಡಿದಿರುವನೋ ತಿಳಿಯದೆ, ಆ ರಾತ್ರಿ ಕೋಟೆಯ ಬಾಗಿಲಲ್ಲಿ ರಾಶಿಬಿದ್ದ ಹೆಣಗಳ ನಡುವೆ ದೀಪ ಹಿಡಿದು ಹುಡುಕಿದರು. ದೊರೆತ ದೇಹವು ಇನ್ನೂ ಬೆಚ್ಚಗಿತ್ತು. ನಾಡಿಯನ್ನು ಮುಟ್ಟಿ ನೋಡಿದರು, ಜೀವವಿರಲಿಲ್ಲ. ಬಲ್ಲವರು ಅದನ್ನು ಗುರುತಿಸಿದರು. ಮೈಮೇಲೆ ಮೂರು ಗಾಯಗಳಿದ್ದವು. ಬಲಗಿವಿಯ ಮೇಲ್ಭಾಗದಲ್ಲಿ ಗುಂಡು ಹೊಕ್ಕಿತ್ತು. ಮರುದಿನ ತಂದೆಯ ಸಮಾಧಿಯ ಪಕ್ಕದಲ್ಲಿ ಅವನನ್ನು ಮಣ್ಣುಮಾಡಿದರು. ಸಾವು ಹೇಗಾಯಿತೆಂಬುದನ್ನು ಗಾಯಗಳು ಹೇಳಿದವು, ಯಾರಿಂದಾಯಿತೆಂಬುದನ್ನು ಹೇಳಲಿಲ್ಲ. ಗುಂಡನ್ನು ಪರೀಕ್ಷಿಸಿ ಹಾರಿಸಿದ ಬಂದೂಕನ್ನು ಪತ್ತೆಹಚ್ಚುವ ವಿದ್ಯೆಯು ಆಗಿನ್ನೂ ಹುಟ್ಟಿರಲಿಲ್ಲ.