ಭವರೋಗಕ್ಕೆ ಮದ್ದರೆದ ಅಕ್ಕ



ದೇಹಕ್ಕೆ ಬಂದ ಬೇನೆಗೆ ವೈದ್ಯನುಂಟು, ಔಷಧವುಂಟು. ಮನಸ್ಸಿಗೆ ಬಿದ್ದ ಗಾಯಕ್ಕೆ ಯಾವ ಲೇಪ ಹಚ್ಚಬೇಕು? ಈ ಪ್ರಶ್ನೆಗೆ ಎಂಟುನೂರು ವರ್ಷಗಳ ಹಿಂದೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟವಳು ಉಡುತಡಿಯ ಮಹಾದೇವಿ. ಶರಣ ಸಂಕುಲವೆಲ್ಲ ಅವಳನ್ನು ಅಕ್ಕ ಎಂದು ಕರೆಯಿತು. ವಯಸ್ಸಿನಲ್ಲಿ ಹಿರಿಯರಾದವರೂ ಹಾಗೆಯೇ ಕರೆದರು. ಅರಿವಿನಲ್ಲಿ ಹಿರಿಯಳಾದವಳನ್ನು ಅಕ್ಕ ಎನ್ನದೆ ಮತ್ತೇನೆಂದು ಕರೆಯಬೇಕು?

ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಉಡುಗಣಿಯೇ ಆ ಉಡುತಡಿ ಎಂಬುದು ಬಲ್ಲವರ ಅಭಿಪ್ರಾಯ. ಅಲ್ಲಮಪ್ರಭುದೇವರ ಊರಾದ ಬಳ್ಳಿಗಾವಿ ಅಲ್ಲಿಂದ ದೂರವಿಲ್ಲ. ನಿರ್ಮಲ, ಸುಮತಿ ಎಂಬ ಶಿವಭಕ್ತ ದಂಪತಿಗಳ ಮಗಳು ಮಹಾದೇವಿ ಎಂದು ಚಾಮರಸ ಕವಿ ತನ್ನ ಪ್ರಭುಲಿಂಗಲೀಲೆಯಲ್ಲಿ ಹೇಳಿದ್ದಾನೆ. ಎಳವೆಯಲ್ಲಿಯೇ ಗುರುವಿನಿಂದ ಇಷ್ಟಲಿಂಗ ಪಡೆದ ಆ ಮಗು ಚೆನ್ನಮಲ್ಲಿಕಾರ್ಜುನನನ್ನೇ ತನ್ನ ಪತಿಯೆಂದು ಬಗೆಯಿತು. ಸಾವು ಕೇಡುಗಳಿರುವ ಗಂಡನ ಗೊಡವೆ ತನಗೆ ಬೇಡವೆಂಬುದು ಅವಳ ನಿಶ್ಚಯವಾಗಿತ್ತು.

ಆದರೆ ಲೋಕ ಕೇಳಬೇಕಲ್ಲ! ಆ ಊರಿನ ಅರಸ ಕೌಶಿಕ ಅವಳ ರೂಪಕ್ಕೆ ಮರುಳಾದ. ಹರಿಹರ ಮಹಾಕವಿ ಮಹಾದೇವಿಯಕ್ಕನ ರಗಳೆಯಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಹೆತ್ತವರ ಪ್ರಾಣಕ್ಕೇ ಸಂಚಕಾರ ಬಂದಾಗ ಅವರನ್ನು ಉಳಿಸಲೆಂದು ಮಗಳು ಒಪ್ಪಿದಳು. ಆದರೆ ಕಣ್ಣು ಮುಚ್ಚಿಕೊಂಡು ಒಪ್ಪಿದವಳಲ್ಲ. ತನ್ನ ಲಿಂಗಪೂಜೆಗೆ, ಜಂಗಮ ಸೇವೆಗೆ, ಗುರುದರ್ಶನಕ್ಕೆ ಅಡ್ಡಿ ಬರಬಾರದು, ಮೂರು ತಪ್ಪುಗಳವರೆಗೆ ತಾಳುವೆನೆಂದು ಕರಾರು ಮಾಡಿದಳು. ಕೌಶಿಕ ಮೂರು ಸಲವೂ ಮಾತಿಗೆ ತಪ್ಪಿದ. ಆ ಕ್ಷಣವೇ ಅರಮನೆ, ಆಭರಣ, ಉಟ್ಟ ಸೀರೆ ಎಲ್ಲವನ್ನೂ ಬಿಟ್ಟು ಕೇಶರಾಶಿಯನ್ನೇ ಹೊದಿಕೆಯಾಗಿಸಿ ಹೊರನಡೆದಳು. ಚಾಮರಸನ ಕಾವ್ಯ ಮತ್ತು ಶೂನ್ಯಸಂಪಾದನೆಯ ಪರಂಪರೆ ಅವಳಿಗೆ ವಿವಾಹವೇ ಆಗಲಿಲ್ಲವೆನ್ನುತ್ತದೆ. ಕವಿಗಳು ಕಥೆಯನ್ನು ಬೇರೆ ಬೇರೆಯಾಗಿ ಕಟ್ಟಿದರೂ ಒಂದು ಮಾತಿನಲ್ಲಿ ಒಮ್ಮತವಿದೆ: ಅರಸೊತ್ತಿಗೆಯ ಬಲ ಆ ಹೆಣ್ಣುಮಗಳ ಮನಸ್ಸನ್ನು ಗೆಲ್ಲಲಾಗಲಿಲ್ಲ.

ಹಾಗೆ ಹೊರಟವಳಿಗೆ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಹಸಿವೆಗೆ ಭಿಕ್ಷೆ, ಬಾಯಾರಿಕೆಗೆ ಕೆರೆಬಾವಿ, ನಿದ್ದೆಗೆ ಹಾಳು ಗುಡಿ. ನೋಡುವವರ ಕೆಟ್ಟ ದೃಷ್ಟಿ, ಆಡುವವರ ಕುಹಕ ಬೇರೆ. ಇವೆಲ್ಲ ಅವಳ ವಚನಗಳಿಗೆ ವಸ್ತುವಾದವು. ತನ್ನ ನೋವನ್ನು ಮುಚ್ಚಿಡಲಿಲ್ಲ, ಅದರಲ್ಲಿ ಮುಳುಗಿಯೂ ಹೋಗಲಿಲ್ಲ. ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿನಿಂದೆಗಳು ಬಂದೇ ಬರುತ್ತವೆ, ಕೋಪ ತಾಳದೆ ಸಮಾಧಾನಿಯಾಗಿರಬೇಕೆಂಬ ಅವಳ ಉಪದೇಶ ಪುಸ್ತಕದಲ್ಲಿ ಓದಿ ಹೇಳಿದ್ದಲ್ಲ, ಉಂಡು ಅರಗಿಸಿಕೊಂಡು ಹೇಳಿದ್ದು. ನೊಂದವರೇ ನೊಂದವರಿಗೆ ವೈದ್ಯರು. ಆ ವಚನಗಳಿಗೆ ಇಂದಿಗೂ ಔಷಧದ ಗುಣವಿರುವುದು ಇದರಿಂದಲೇ.

ಕಲ್ಯಾಣದ ಅನುಭವ ಮಂಟಪದಲ್ಲಿ ನಡೆದ ಸಂವಾದವನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ದೇಹಭಾವವನ್ನು ಬಿಟ್ಟವಳಿಗೆ ಕೂದಲಿನ ಮರೆ ಏಕೆ ಎಂದು ಪ್ರಭುದೇವರು ಕೇಳಿದರು. ಅದು ಪರೀಕ್ಷೆಯ ಪ್ರಶ್ನೆ. ನೋಡುವ ನಿಮ್ಮ ಮನಸ್ಸಿಗೆ ನೋವಾಗದಿರಲೆಂದು ಈ ಮರೆಯೇ ಹೊರತು ತನಗಾಗಿ ಅಲ್ಲವೆಂಬುದು ಅಕ್ಕನ ಉತ್ತರದ ಸಾರ. ಭಕ್ತರೇ, ಇದನ್ನು ಚೆನ್ನಾಗಿ ಮನನ ಮಾಡಿರಿ. ತುಂಬಿದ ಸಭೆಯಲ್ಲಿ ತನ್ನನ್ನು ಪರೀಕ್ಷಿಸುವವರ ಮನಸ್ಸನ್ನೂ ಕಾಯಬೇಕೆಂಬ ತಾಯ್ತನವದು! ಮುಂದೆ ಚೆನ್ನಬಸವಣ್ಣನವರು ಹಿರಿಯ ಶರಣರ ಹಲವು ವಚನಗಳಿಗೆ ಮಿಗಿಲಾಗಿ ಅಕ್ಕನ ಒಂದು ವಚನವನ್ನು ಎತ್ತಿ ಹಿಡಿದರು.

ಅರಮನೆಯನ್ನೂ ತವರನ್ನೂ ಬಿಟ್ಟವಳಿಗೆ ಬೇರು ಎಲ್ಲಿ ಎಂದು ಕೆಲವರು ಕೇಳಬಹುದು. ಹೆತ್ತವರ ಪ್ರಾಣಕ್ಕಾಗಿ ತನ್ನ ವ್ರತವನ್ನೇ ಒತ್ತೆಯಿಟ್ಟವಳು ಬೇರನ್ನು ಕಡಿದುಕೊಂಡವಳಲ್ಲ. ಪುರಾತನರನ್ನು ಅವಳು ತನ್ನ ಹಿರಿಯರೆಂದು ನೆನೆದಳು, ಬಸವಾದಿ ಶರಣರ ಮನೆಯನ್ನೇ ತವರೆಂದು ತಿಳಿದಳು. ರಕ್ತಸಂಬಂಧದ ಬಳ್ಳಿ ಭಕ್ತಿಸಂಬಂಧದ ಚಪ್ಪರಕ್ಕೆ ಹಬ್ಬಿತೆನ್ನಬೇಕು. ಹಿರಿಯರ ಹೆಸರು ಹೇಳಿಕೊಂಡ ಮಾತ್ರಕ್ಕೆ ಅವರಿಗೆ ಗೌರವ ಸಲ್ಲದು. ಅವರು ನಡೆದಂತೆ ನಡೆದರೆ ಅದೇ ಗೌರವ.

ಕಡೆಗೆ ಅಕ್ಕ ಶ್ರೀಶೈಲದ ಕದಳಿಗೆ ತೆರಳಿದಳು. ದಾರಿಯ ಗಿಳಿ, ಕೋಗಿಲೆ, ತುಂಬಿಗಳನ್ನೆಲ್ಲ ಮಾತನಾಡಿಸುತ್ತ ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸಿದಳು. ಅಲ್ಲಿಯೇ ಲಿಂಗೈಕ್ಯಳಾದಳೆಂದು ಪರಂಪರೆ ನಂಬುತ್ತದೆ. ಅವಳ ನಾಲ್ಕುನೂರಕ್ಕೂ ಮಿಕ್ಕಿದ ವಚನಗಳೂ ಯೋಗಾಂಗ ತ್ರಿವಿಧಿಯೆಂಬ ತ್ರಿಪದಿಗಳ ಕೃತಿಯೂ ನಮಗೆ ಉಳಿದಿವೆ. ಓಲೆಗರಿಗಳಲ್ಲಿ ಅಡಗಿದ್ದ ಶರಣರ ವಚನಗಳನ್ನು ಮನೆಮನೆ ತಿರುಗಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸಿದ ಫ.ಗು. ಹಳಕಟ್ಟಿಯವರ ಋಣವನ್ನು ನಾವು ಮರೆಯಬಾರದು. 2017ರಲ್ಲಿ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಕ್ಕನ ಹೆಸರಿಟ್ಟದ್ದು ನಾಡಿಗೆ ಭೂಷಣ.

ಆದರೆ ಹೆಸರಿಟ್ಟರೆ ಸಾಲದು. ಊರಿನ ಹಿರಿಯರಿಗೆ ನಮ್ಮ ಮಾತು ಇಷ್ಟೇ. ಅಕ್ಕನ ಭಾವಚಿತ್ರಕ್ಕೆ ಹೂವೇರಿಸುವ ಮನೆಯಲ್ಲಿ, ಓದುವ ಮಗಳನ್ನು ಶಾಲೆ ಬಿಡಿಸಿ, ಅವಳ ಒಪ್ಪಿಗೆ ಕೇಳದೆ ಹಸೆಮಣೆಗೆ ಕೂರಿಸಿದರೆ ಆ ಪೂಜೆ ಅಕ್ಕನಿಗೆ ಮುಟ್ಟೀತೆ? ಗಂಡನ ಮನೆಯಲ್ಲಿ ನೊಂದು ಬಂದ ಮಗಳಿಗೆ ಸೈರಿಸಿಕೊಂಡು ಹೋಗೆಂದು ಬಾಗಿಲು ಹಾಕಿದರೆ ಕೌಶಿಕನಿಗೂ ನಮಗೂ ಏನು ವ್ಯತ್ಯಾಸ? ಅಕ್ಕ ಮೂರು ತಪ್ಪುಗಳವರೆಗೆ ತಾಳಿದಳು, ಆಮೇಲೆ ತಾಳಲಿಲ್ಲ. ತಾಳ್ಮೆಗೂ ಒಂದು ಎಲ್ಲೆಯುಂಟೆಂಬುದು ಅವಳ ಚರಿತ್ರೆಯ ಪಾಠ.

ಮನೆಯ ಹೆಣ್ಣುಮಗಳು ಬಾಯಿ ತೆರೆದಾಗ ಕಿವಿಗೊಟ್ಟು ಕೇಳಿರಿ. ನೊಂದ ಜೀವಕ್ಕೆ ಅದಕ್ಕಿಂತ ದೊಡ್ಡ ಮದ್ದಿಲ್ಲ, ಅಕ್ಕನಿಗೆ ಅದಕ್ಕಿಂತ ಮಿಗಿಲಾದ ಪೂಜೆಯೂ ಇಲ್ಲ.

ಎಲ್ಲರಿಗೂ ಸನ್ಮಂಗಳವಾಗಲಿ.