ಅಂಕಿಗಳಿಗೆ ಅರ್ಥ ತಂದ ಆಚಾರ್ಯ: ಪ್ರಶಾಂತಚಂದ್ರ ಮಹಾಲನೋಬಿಸ್

ಭಾರತದಲ್ಲಿ ಸಂಖ್ಯಾಶಾಸ್ತ್ರಕ್ಕೆ ನೆಲೆಯನ್ನೂ ಬೆಲೆಯನ್ನೂ ತಂದುಕೊಟ್ಟ ಮಹನೀಯರಲ್ಲಿ ಪ್ರೊ. ಪ್ರಶಾಂತಚಂದ್ರ ಮಹಾಲನೋಬಿಸರು ಅಗ್ರಗಣ್ಯರು. 1893ನೆಯ ಇಸವಿ ಜೂನ್ 29ರಂದು ಕಲಕತ್ತೆಯಲ್ಲಿ ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರವನ್ನು ಅಭ್ಯಸಿಸಿದರು. 1915ರಲ್ಲಿ ಸ್ವದೇಶಕ್ಕೆ ಮರಳುವಾಗ ‘ಬಯೊಮೆಟ್ರಿಕಾ’ ಪತ್ರಿಕೆಯ ಸಂಪುಟಗಳನ್ನು ಕೊಂಡು, ಹಡಗಿನಲ್ಲಿಯೇ ಓದತೊಡಗಿದರು. ಅಳತೆಗಳನ್ನು ಕ್ರಮವಾಗಿ ಜೋಡಿಸಿ ಅವುಗಳೊಳಗಿನ ಸಂಬಂಧವನ್ನು ಕಾಣುವ ಆ ವಿದ್ಯೆ ಅವರ ಬಾಳಿನ ದಾರಿಯನ್ನೇ ಬದಲಿಸಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದುಕೊಂಡೇ 1931ರ ಡಿಸೆಂಬರ್ 17ರಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು.

1926ರಲ್ಲಿ ಒರಿಸ್ಸಾ ಪ್ರಾಂತದಲ್ಲಿ ಭಾರಿ ನೆರೆ ಬಂದಿತು. ಬ್ರಾಹ್ಮಣೀ ನದಿಯ ಪಾತ್ರವು ಮೇಲೇರಿರುವುದೇ ಇದಕ್ಕೆ ಕಾರಣವೆಂದೂ, ದಂಡೆಯ ಒಡ್ಡುಗಳನ್ನು ಎತ್ತರಿಸಬೇಕೆಂದೂ ತಜ್ಞರು ಅಭಿಪ್ರಾಯಪಟ್ಟರು. ಮಹಾಲನೋಬಿಸರು ಸುಮಾರು 60 ವರ್ಷಗಳ ಮಳೆ ಹಾಗೂ ನೆರೆಯ ಅಂಕಿಗಳನ್ನು ಕಲೆಹಾಕಿ ಪರಿಶೀಲಿಸಿದರು. ನದಿಯ ಪಾತ್ರ ಏರಿತೆಂಬುದಕ್ಕೆ ಆಧಾರ ದೊರೆಯಲಿಲ್ಲ. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ಹೆಚ್ಚಿನ ನೀರನ್ನು ತಡೆಹಿಡಿಯುವುದೇ ಸರಿಯಾದ ಮಾರ್ಗವೆಂದು ಅವರು ತೋರಿಸಿದರು. ಹಳೆಯ ದಾಖಲೆಗಳ ಅಂಕಿಗಳು ಲಕ್ಷಾಂತರ ಜನರ ಹೊಲಮನೆಗಳ ಪ್ರಶ್ನೆಗೆ ಉತ್ತರವಾದವು.

1937ರಿಂದ ಅವರು ಬಂಗಾಳದ ಸೆಣಬಿನ ಬೆಳೆಯ ಅಂದಾಜಿಗೆ ಕೈಹಾಕಿದರು. ಪ್ರತಿಯೊಂದು ಹೊಲವನ್ನೂ ಎಣಿಸಹೊರಟರೆ ಕಾಲವೂ ಹಣವೂ ಅಪಾರವಾಗಿ ವ್ಯಯವಾಗುವುದಲ್ಲದೆ, ಎಣಿಸುವವರ ತಪ್ಪುಗಳೂ ಬೆಳಕಿಗೆ ಬಾರದೆ ಉಳಿಯುತ್ತವೆ. ಆದುದರಿಂದ ಯಾರ ಇಚ್ಛೆಗೂ ಒಳಪಡದಂತೆ ಆಯ್ದ ಕೆಲವೇ ಹೊಲಗಳನ್ನು ಅಳೆಯುವ ಮಾದರಿ ಸಮೀಕ್ಷೆಯನ್ನು ಅವರು ರೂಢಿಸಿದರು. ಒಂದೇ ಪ್ರದೇಶಕ್ಕೆ ಎರಡು ಪ್ರತ್ಯೇಕ ತಂಡಗಳನ್ನು ಕಳುಹಿಸಿ, ಎರಡರ ಫಲಿತಾಂಶಗಳನ್ನೂ ಹೋಲಿಸಿ ನೋಡುವುದು ಅವರ ಕ್ರಮ. ಅವು ಬಹುವಾಗಿ ಭಿನ್ನವಾದರೆ ಲೆಕ್ಕದಲ್ಲಿ ಎಲ್ಲಿಯೋ ದೋಷವಿದೆಯೆಂದು ತಿಳಿಯಬೇಕು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಅವರೇ ಪ್ರೇರಕರು.

ಸಂಸ್ಥೆಯ ಮೊದಲ ದಿನಗಳಲ್ಲಿ ಗಣಕರು ಕೈಯಂತ್ರಗಳ ಮುಂದೆ ಕುಳಿತು ಮೊತ್ತ, ಸರಾಸರಿ, ಸಹಸಂಬಂಧಗಳನ್ನು ಲೆಕ್ಕಹಾಕುತ್ತಿದ್ದರು. 1956ರಲ್ಲಿ ಅಲ್ಲಿಗೆ ಗಣಕಯಂತ್ರವೂ ಬಂದಿತು. ಇಂದು ಸ್ಪ್ರೆಡ್‌ಶೀಟಿನ ಚೌಕಗಳಲ್ಲಿ ಅಂಕಿಗಳನ್ನು ತುಂಬಿ, ಮೊತ್ತಕ್ಕೆ ‘ಸಮ್’, ಸರಾಸರಿಗೆ ‘ಆವರೇಜ್’, ಸಹಸಂಬಂಧಕ್ಕೆ ‘ಕೋರೆಲ್’ ಎಂಬ ಸೂತ್ರಗಳನ್ನು ಬರೆದರೆ ಶಾಲಾಬಾಲಕನಿಗೂ ಕ್ಷಣಮಾತ್ರದಲ್ಲಿ ಉತ್ತರ ದೊರೆಯುತ್ತದೆ. ಆದರೆ ಚೌಕದೊಳಗೆ ತುಂಬಿದ ಅಂಕಿ ಸುಳ್ಳಾಗಿದ್ದರೆ ಯಂತ್ರವು ಆ ಸುಳ್ಳಿನ ಸರಾಸರಿಯನ್ನೇ ತಪ್ಪಿಲ್ಲದೆ ತೆಗೆದುಕೊಡುತ್ತದೆ. ಎರಡು ತಂಡಗಳನ್ನು ಕಳುಹಿಸಿದ ಆಚಾರ್ಯರ ಎಚ್ಚರಿಕೆಯ ಮಹತ್ವವಿರುವುದು ಇಲ್ಲಿಯೇ.

ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿ ವಿಶ್ವವಿಖ್ಯಾತರಾದ ಸಿ. ಆರ್. ರಾವ್ ಅವರೂ 1941ರಲ್ಲಿ ಈ ಸಂಸ್ಥೆಯನ್ನು ಸೇರಿ ಅಲ್ಲಿಯೇ ಬೆಳೆದವರು. 1968ರಲ್ಲಿ ಪದ್ಮವಿಭೂಷಣದಿಂದ ಸನ್ಮಾನಿತರಾದ ಮಹಾಲನೋಬಿಸರು 1972ರ ಜೂನ್ 28ರಂದು, ಎಪ್ಪತ್ತೊಂಬತ್ತನೆಯ ಜನ್ಮದಿನದ ಮುನ್ನಾದಿನ ಕಾಲವಶರಾದರು. ಅವರ ಜನ್ಮದಿನವು 2007ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲ್ಪಡುತ್ತಿದೆ. ಮಕ್ಕಳಿಗೆ ಸೂತ್ರಗಳನ್ನು ಕಲಿಸುವ ಗುರುಗಳು ಅಂಕಿಯನ್ನು ಪ್ರಾಮಾಣಿಕವಾಗಿ ಬರೆದು ಮತ್ತೊಮ್ಮೆ ತಾಳೆನೋಡುವ ಅಭ್ಯಾಸವನ್ನೂ ಕಲಿಸಿದರೆ, ಅದೇ ಆ ಆಚಾರ್ಯರಿಗೆ ಸಲ್ಲುವ ನಿಜವಾದ ಗೌರವ.