ಓಲೆಗರಿಗಳ ಪರ ನಿಂತ ವಕೀಲರು: ಫ. ಗು. ಹಳಕಟ್ಟಿ



ಈಚೆಗೆ ಆಂಡಿಪಟ್ಟಿಗೆ ಹೋಗಿದ್ದಾಗ ಅಲ್ಲಿನ ಸದಸ್ಯರೊಬ್ಬರು ಅಜ್ಜನ ಕಾಲದ ಓಲೆಗರಿಯ ಕಟ್ಟೊಂದನ್ನು ನಮಗೆ ತೋರಿಸಿದರು. ದೇವರ ಗೂಡಿನಲ್ಲಿಟ್ಟು ವರ್ಷಕ್ಕೊಮ್ಮೆ ಕುಂಕುಮ ಹಚ್ಚುತ್ತಾರೆ, ಅಷ್ಟೆ. ಕಂಬಂ ಕಣಿವೆಯ ನಮ್ಮವರ ಮನೆಗಳಲ್ಲಿ ಮಾತು ಕನ್ನಡ, ಓದುಬರಹ ತಮಿಳು. ಹಾಗಾಗಿ ಕಟ್ಟಿನಲ್ಲಿ ಏನಿದೆ ಎಂದು ಮನೆಯಲ್ಲಿ ಯಾರಿಗೂ ತಿಳಿಯದು. ಅಂಚು ಮುರಿದಿದೆ, ಹುಳು ಕೊರೆದಿದೆ. ಇಟ್ಟುಕೊಳ್ಳುವುದೋ, ಹೊಳೆಗೆ ಬಿಡುವುದೋ ಎಂದು ಅವರು ಕೇಳಿದಾಗ ನಮಗೆ ನೆನಪಾದವರು ಹಳಕಟ್ಟಿಯವರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಮುಂಬಯಿಯಲ್ಲಿ ಓದಿ 1904ರಲ್ಲಿ ಕಾನೂನು ಪದವಿ ಪಡೆದರು. ಕೆಲಕಾಲ ಬೆಳಗಾವಿಯಲ್ಲಿದ್ದು, ಆಮೇಲೆ ವಿಜಯಪುರದಲ್ಲಿ ವಕೀಲಿ ಹಿಡಿದರು. ಊರಿಗೆ ಬ್ಯಾಂಕು, ಶಾಲೆ ಕಟ್ಟಿದವರಲ್ಲಿ ಅವರೂ ಒಬ್ಬರು. ಅದೆಲ್ಲ ಹೇಳಹೊರಟರೆ ಬೇರೆಯೇ ಲೇಖನವಾದೀತು.

1903ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಬನಹಟ್ಟಿಯ ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ವಚನಗಳ ಓಲೆಗರಿಗಳನ್ನು ಕಂಡರು. ಅಂದಿನಿಂದ ಹುಡುಕಾಟ ಶುರುವಾಯಿತು. ಇಂಥ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗುಲಿಯಲ್ಲಿ ಪೂಜೆಗೆ ಕುಳಿತಿದ್ದವು. ಪೂಜೆಯ ವಸ್ತುವನ್ನು ಹೊರಗಿನವರ ಕೈಗೆ ಕೊಡಲು ಯಾರಿಗೆ ಮನಸ್ಸು ಬಂದೀತು? ಕೇಳಿ, ಕಾದು, ಒಪ್ಪಿಸಿ ಸಾವಿರಕ್ಕೂ ಹೆಚ್ಚು ಕಟ್ಟುಗಳನ್ನು ಅವರು ಸಂಗ್ರಹಿಸಿದರೆಂದು ಹೇಳುತ್ತಾರೆ.

ಓಲೆಗರಿಯ ಮೇಲೆ ಶಾಯಿಯಿಂದ ಬರೆಯುವುದಿಲ್ಲ. ಕಬ್ಬಿಣದ ಕಂಠದಿಂದ ಕೊರೆದು, ಮೇಲೆ ಮಸಿ ತಿಕ್ಕುತ್ತಾರೆ. ಮಸಿ ಹೋದರೆ ಅಕ್ಷರ ಕಾಣದು. ಗರಿ ಒಣಗಿದರೆ ಮುಟ್ಟಿದಲ್ಲೇ ಮುರಿಯುತ್ತದೆ. ಪದಗಳ ನಡುವೆ ತೆರಪೂ ಇರುವುದಿಲ್ಲ. ಅಂಚು ಮುರಿದು ಸಾಲು ಹೋದರೆ ಇನ್ನೊಂದು ಪ್ರತಿಯನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ತುಂಬಬೇಕು. ಹಗಲು ಕೋರ್ಟು ಕಚೇರಿ ನೋಡಿಕೊಂಡೇ ಹಳಕಟ್ಟಿಯವರು ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದರು.

ಸಿದ್ಧವಾದ ಹಸ್ತಪ್ರತಿಯನ್ನು ಐನೂರು ರೂಪಾಯಿ ಜೊತೆಗಿಟ್ಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರು. ಅಚ್ಚಾಗದೆ ಅದು ವಾಪಸು ಬಂತು. ಕಡೆಗೆ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಇನ್ನೊಬ್ಬರ ಮುದ್ರಣಾಲಯವನ್ನು ನಂಬಿ ಕೂರುವುದು ಬೇಡವೆಂದು ಇದ್ದ ಮನೆಯನ್ನು ಮಾರಿ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಆಮೇಲೆ ಕೊನೆಯವರೆಗೂ ಬಾಡಿಗೆ ಮನೆಯೇ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು.

ಒಂದು ಮಾತು ಹೇಳಬೇಕು. ಅವರು ಮುಖ್ಯವಾಗಿ ಉಳಿಸಿದ್ದು ಗರಿಯ ಮೇಲಿನ ಮಾತನ್ನು. ಗರಿಯನ್ನೇ ವಸ್ತುವಾಗಿ ಕಾಪಾಡುವ ವಿದ್ಯೆ ಬೇರೆ, ಅದಕ್ಕೆ ತಿಳಿದವರ ಕೈ ಬೇಕು. ಆದರೆ ಅವರು ಕಾದು ಕೂತಿದ್ದರೆ ಎಷ್ಟೋ ವಚನಕಾರರ ಹೆಸರೂ ನಮಗೆ ಸಿಗುತ್ತಿರಲಿಲ್ಲ. ಅವರ ಹುಟ್ಟಿದ ದಿನವನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ.

ಆಂಡಿಪಟ್ಟಿಯ ಕಟ್ಟು ಸದ್ಯ ಗೂಡಿನಲ್ಲೇ ಇದೆ. ಹೊಳೆಗೆ ಬಿಡುವುದಿಲ್ಲವೆಂದು ಮನೆಯವರು ಒಪ್ಪಿದ್ದಾರೆ. ತೇನಿ, ದಿಂಡಿಗಲ್ ಕಡೆಯ ಇತರ ಸದಸ್ಯರ ಮನೆಗಳಲ್ಲೂ ಇಂಥದ್ದಿದ್ದರೆ ಬಿಸಿಲಿಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕುಂಕುಮ ಹಚ್ಚಬೇಡಿ, ತೆಂಗಿನೆಣ್ಣೆಯನ್ನಂತೂ ಸವರಲೇಬೇಡಿ. ತಿಳಿದವರು ಬಳಸುವುದು ನಿಂಬೆಹುಲ್ಲಿನ ಎಣ್ಣೆ, ಅದೂ ಗರಿ ಪರೀಕ್ಷಿಸಿದ ಮೇಲೆ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಮೊದಲ ಒಂದೆರಡು ಗರಿಗಳ ಫೋಟೋ ತೆಗೆದುಕೊಂಡು ಮುಂದಿನ ಸಭೆಗೆ ಬನ್ನಿ. ಹಳೆಯ ಲಿಪಿ ಓದಬಲ್ಲ ಸದಸ್ಯರೂ ದಯವಿಟ್ಟು ಅಂದು ತಪ್ಪದೆ ಬರಬೇಕು.